ಹಿನ್ನೀರಿನ ಕೆಸರಿನಲ್ಲಿ ಓಡಾಡುವ ಕಂದು ಹಕ್ಕಿಗಳನ್ನು ಗುರುತಿಸುವುದು ಹೇಗೆ?
ಚಳಿಗಾಲದಲ್ಲಿ ಕೊಪ್ಪಳ ಕಡೆಯ ತುಂಗಭದ್ರಾ ಹಿನ್ನೀರು ಇಳಿದಾಗ ಕೆಸರಿನಲ್ಲಿ ಮೇಯುವ ಗೊರವಗಳನ್ನು (ಸ್ಯಾಂಡ್‌ಪೈಪರ್ ಹಕ್ಕಿಗಳನ್ನು) ಮೈಬಣ್ಣಕ್ಕಿಂತ ನಡೆ ಮತ್ತು ಹಾರಾಟದಿಂದ ಗುರುತಿಸುವುದೇ ಲೇಸು. ಹಿಂಭಾಗವನ್ನು ಬಿಡುವಿಲ್ಲದೆ ಕುಣಿಸುತ್ತಿದ್ದು, ಎದೆಯ ಬಿಳಿ ಬಣ್ಣವು ರೆಕ್ಕೆಯ ಮುಂದೆ ಹೆಗಲಿನತ್ತ ಚಾಚಿದ್ದರೆ ಅದು ಕಾಮನ್ ಸ್ಯಾಂಡ್‌ಪೈಪರ್. ನಿಜವಾದ ಗೊಂದಲವಿರುವುದು ವುಡ್ ಮತ್ತು ಗ್ರೀನ್ ಸ್ಯಾಂಡ್‌ಪೈಪರ್‌ಗಳ ನಡುವೆ: ವುಡ್‌ನ ಬೆನ್ನಿನ ಮೇಲೆ ದಟ್ಟ ಚುಕ್ಕೆಗಳಿದ್ದು, ಬಿಳಿ ಹುಬ್ಬು (ಕಣ್ಣಿನ ಮೇಲಿನ ಗೆರೆ) ಕಣ್ಣನ್ನು ದಾಟಿ ಹಿಂದಕ್ಕೆ ಸಾಗುತ್ತದೆ, ಕಾಲುಗಳು ಹಳದಿ ಛಾಯೆಯವು, ಗ್ರೀನ್‌ನ ಬೆನ್ನು ಗಾಢವಾಗಿದ್ದು, ಹುಬ್ಬು ಕಣ್ಣಿನ ಮುಂದೆಯೇ ನಿಲ್ಲುತ್ತದೆ. ದೂರದಿಂದ ಇವು ಕಾಣದಿದ್ದರೆ (ಬಹುತೇಕ ಕಾಣುವುದಿಲ್ಲ) ಹಕ್ಕಿ ಹಾರುವವರೆಗೆ ಕಾಯಿರಿ. ರೆಕ್ಕೆಯ ಅಡಿಭಾಗ ಕಪ್ಪಾಗಿದ್ದರೆ ಗ್ರೀನ್, ಮಾಸಲು ಬಿಳಿಯಾಗಿದ್ದರೆ ವುಡ್. ಉದ್ದನೆಯ ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿಯನ್ನು ಯಾರೂ ತಪ್ಪಾಗಿ ಗುರುತಿಸಲಾರರು.