ಪಿತ್ತದ ಗಂಧೆಗೆ ಯಾವ ಔಷಧ ಹಿಡಿಸುತ್ತದೆ ಅಂತ ರಕ್ತ ನೋಡಿ ಹೇಳಬಹುದಾ?

ತಿಂಗಳುಗಟ್ಟಲೆ ಗಂಧೆ ಏಳುತ್ತಿದೆ, ಮಾತ್ರೆಗೆ ಬಗ್ಗುತ್ತಿಲ್ಲ, ಚರ್ಮದ ಡಾಕ್ಟರು ಟೋಟಲ್ ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯದ ಒಟ್ಟು ಪ್ರಮಾಣ) ಮತ್ತು ಆಂಟಿ-ಟಿಪಿಒ (ಥೈರಾಯ್ಡ್ ವಿರುದ್ಧ ದೇಹವೇ ಮಾಡಿಕೊಳ್ಳುವ ಪ್ರತಿಕಾಯ) ಅನ್ನುವ ರಕ್ತ ಪರೀಕ್ಷೆ ಬರೆದುಕೊಟ್ಟಿದ್ದಾರೆ, ಥೈರಾಯ್ಡ್ ತೊಂದರೆ ಇಲ್ಲದ ನನಗೆ ಇದೆಲ್ಲ ಯಾಕೆ ಅಂತ ಕೇಳಿದ್ದೀರಿ.

ದಯವಿಟ್ಟು ಮಾಡಿಸಿ. ನಾನು ಡಾಕ್ಟರ್ ಅಲ್ಲ, ಆದರೆ ಪುಣೆಯಲ್ಲೇ ಇದ್ದು ಇದೇ ಕಾಯಿಲೆಯನ್ನು ವರ್ಷಗಟ್ಟಲೆ ಅನುಭವಿಸಿದವಳು. ಇಲ್ಲಿ ಪಕ್ಕದ ಮನೆ ಕಾಕೂ ಆಮಸೂಲ (ಒಣಗಿಸಿದ ಪುನರ್ಪುಳಿ) ನೆನೆಸಿದ ನೀರು ಹಚ್ಚು ಅನ್ನುತ್ತಾರೆ, ಊರಿಂದ ಅಮ್ಮ ಬದನೆಕಾಯಿ ಬಿಡು ಅನ್ನುತ್ತಾಳೆ. ಆರು ವಾರ ದಾಟಿದ ಗಂಧೆಗೆ ಸಾಮಾನ್ಯವಾಗಿ ಕಾರಣ ಊಟದಲ್ಲಿ ಇರುವುದಿಲ್ಲ. ಹಾಗಾಗಿ ನೂರಾರು ಪದಾರ್ಥಗಳ ಅಲರ್ಜಿ ಪ್ಯಾಕೇಜಿಗೆ ದುಡ್ಡು ಸುರಿಯಬೇಡಿ.

ಚರ್ಮದಲ್ಲಿರುವ ಮಾಸ್ಟ್ ಕೋಶಗಳನ್ನು ನಮ್ಮ ದೇಹವೇ ಕೆಣಕುತ್ತದೆ, ಅವು ತುರಿಕೆ ತರಿಸುವ ಹಿಸ್ಟಮಿನ್ ಬಿಡುತ್ತವೆ, ಗಂಧೆ ಏಳುತ್ತದೆ. ಕೆಲವರಲ್ಲಿ ಈ ಕೆಲಸ ಮಾಡುವುದು ಐಜಿಇ. ಅಂಥವರ ರಕ್ತದಲ್ಲಿ ಟೋಟಲ್ ಐಜಿಇ ಜಾಸ್ತಿ ಇರುವುದುಂಟು, ಐಜಿಇಯನ್ನು ತಡೆಯುವ ಒಮಲಿಜುಮ್ಯಾಬ್ ಇಂಜೆಕ್ಷನ್ನಿಗೆ ಬೇಗ ಗುಣ ಕಾಣುತ್ತದೆ. ಇನ್ನು ಕೆಲವರಲ್ಲಿ ಐಜಿಜಿ ಅನ್ನುವ ಬೇರೆ ಬಗೆಯ ಪ್ರತಿಕಾಯಗಳು ಆ ಕೋಶಗಳ ಮೇಲೆ ಬೀಳುತ್ತವೆ. ಅವರಲ್ಲಿ ಐಜಿಇ ತೀರಾ ಕಡಿಮೆ, ಆಂಟಿ-ಟಿಪಿಒ ಜಾಸ್ತಿ ಇರುವುದು ಹೆಚ್ಚು. ಥೈರಾಯ್ಡ್ ಸರಿಯಾಗಿದ್ದರೂ ಆಂಟಿ-ಟಿಪಿಒ ಏರಿರಬಹುದು, ಡಾಕ್ಟರು ಅದನ್ನು ಬರೆದಿರುವುದು ಇದಕ್ಕೇ. ಈ ಗುಂಪಿನವರಿಗೆ ಇಂಜೆಕ್ಷನ್ ನಿಧಾನ ಹಿಡಿಸುತ್ತದೆ, ಕೆಲವೊಮ್ಮೆ ಹಿಡಿಸುವುದೇ ಇಲ್ಲ. ಆಗ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್‌ಗೆ ಬಗ್ಗುವ ಸಾಧ್ಯತೆ ಜಾಸ್ತಿ, ಆದರೆ ಅದನ್ನು ತಗೊಳ್ಳುವಾಗ ಬಿಪಿ, ಕ್ರಿಯೇಟಿನಿನ್ (ಕಿಡ್ನಿಯ ಪರೀಕ್ಷೆ) ನೋಡುತ್ತಲೇ ಇರಬೇಕು.

ರಿಪೋರ್ಟ್ ಕೈಗೆ ಬಂದಾಗ ಒಂದು ವಿಷಯ ಗಮನಿಸಿ. ಐಜಿಇ ಮಿತಿ ಮೀರಿದರೆ ಲ್ಯಾಬಿನವರು ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ, ಕಡಿಮೆ ಇದ್ದರೆ ಏನೂ ಗುರುತು ಇರುವುದಿಲ್ಲ, ಯಾಕೆಂದರೆ ಅವರ ಲೆಕ್ಕದಲ್ಲಿ ಅದು ನಾರ್ಮಲ್. ನಮ್ಮ ಕಾಯಿಲೆಯಲ್ಲಿ ಆ ಸಣ್ಣ ಅಂಕಿಯೇ ಮುಖ್ಯ. 15, 20 ಅಂತ ಬಂದು ಪಕ್ಕದಲ್ಲಿ ಆಂಟಿ-ಟಿಪಿಒ ಏರಿದ್ದರೆ ಡಾಕ್ಟರಿಗೆ ಬೆರಳಿಟ್ಟು ತೋರಿಸಿ. ಇಂಜೆಕ್ಷನ್ ಒಂದಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಗೊತ್ತಿದ್ದವರಿಗೆ, ಮೊದಲ ತಿಂಗಳು ಗುಣ ಕಾಣದೆ ಎದೆಗುಂದಿದವರಿಗೆ, ಈ ಮಾಹಿತಿ ಎಷ್ಟು ದೊಡ್ಡದು ಅಂತ ಅರ್ಥವಾಗುತ್ತದೆ ಅಲ್ವಾ?

ರಕ್ತದಲ್ಲಿ ಸಿಆರ್‌ಪಿ (ಉರಿಯೂತದ ಗುರುತು), ಡಿ-ಡೈಮರ್ (ರಕ್ತ ಹೆಪ್ಪುಗಟ್ಟುವಿಕೆಯ ಗುರುತು) ಏರಿದ್ದರೆ ಬರೀ ಆಂಟಿಹಿಸ್ಟಮಿನ್ ಮಾತ್ರೆ ಸಾಲದೆ ಹೋಗುವುದು ಜಾಸ್ತಿ. ಹಾಗಂತ ಮಾತ್ರೆಯ ಹಂತ ಬಿಟ್ಟು ಹಾರುವಂತಿಲ್ಲ. 2022ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಡೋಸನ್ನು ನಾಲ್ಕು ಪಟ್ಟಿನವರೆಗೆ ಏರಿಸಿ ನೋಡಿದ ಮೇಲೆಯೇ ಇಂಜೆಕ್ಷನ್. ಏರಿಸುವುದು ಡಾಕ್ಟರು ಹೇಳಿದರೆ ಮಾತ್ರ.

ಇವೆಲ್ಲ ಸಾಧ್ಯತೆಗಳು, ಖಾತ್ರಿ ಅಲ್ಲ. ಹೊಟ್ಟೆಹುಳ, ಆಸ್ತಮಾ ಇದ್ದರೂ ಐಜಿಇ ಏರುತ್ತದೆ. ಐಜಿಇ ಕಡಿಮೆ ಇದ್ದೂ ಇಂಜೆಕ್ಷನ್ನಿಗೆ ಗುಣವಾದವರಿದ್ದಾರೆ, ಆದ್ದರಿಂದ ಅಂಕಿ ನೋಡಿ ನೀವೇ ಚಿಕಿತ್ಸೆ ನಿಲ್ಲಿಸಬೇಡಿ, ಕೆಲವರಿಗೆ ಆರು ತಿಂಗಳವರೆಗೂ ಕಾಯಬೇಕಾಗುತ್ತದೆ.

ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ ರಕ್ತ ಕೊಡಿ. ಆಮೇಲೆ ಔಷಧದಿಂದಲೇ ಟೋಟಲ್ ಐಜಿಇ ಏರುತ್ತದೆ, ನಿಮ್ಮ ಅಸಲಿ ಅಂಕಿ ಎಷ್ಟಿತ್ತು ಅಂತ ತಿಳಿಯುವುದು ಕಷ್ಟ.