‘ಸದರಿ ಸ್ಪ್ರಿಂಗ್’ ಯಾವುದು?

ಪ್ರಶ್ನೆ: ನನ್ನ ಅಡಿಕೆ ಸುಲಿಯುವ ಯಂತ್ರದ ಪೇಟೆಂಟ್ ಅರ್ಜಿಗೆ ಚೆನ್ನೈ ಕಚೇರಿಯಿಂದ ಪರೀಕ್ಷಾ ವರದಿ ಬಂದಿದೆ. ಒಂದನೇ ಕ್ಲೇಮಿನ (ಯಾವುದಕ್ಕೆ ಹಕ್ಕು ಬೇಕೆಂದು ಹೇಳುವ ವಾಕ್ಯದ) ‘ಸದರಿ ಸ್ಪ್ರಿಂಗ್’, ‘ಸೂಕ್ತ ಅಂತರ’ ಅಸ್ಪಷ್ಟವಂತೆ. ಏನು ಮಾಡಲಿ?
– ಓದುಗರು, ಚನ್ನಗಿರಿ, ದಾವಣಗೆರೆ ಜಿಲ್ಲೆ

ಉತ್ತರ: ಮೊದಲು ಹೆಸರಿಸದೆ ‘ಸದರಿ’ ಎಂದರೆ ಯಾವ ಸ್ಪ್ರಿಂಗ್ ಅಂತ ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ‘ಬ್ಲೇಡನ್ನು ರೋಲರ್ ಕಡೆಗೆ ಒತ್ತುವ ಒಂದು ಸ್ಪ್ರಿಂಗ್’ ಎಂದು ಬರೆದು, ಆಮೇಲೆ ‘ಸದರಿ’ ಬಳಸಿ. ‘ಸೂಕ್ತ ಅಂತರ’ದ ಜಾಗದಲ್ಲಿ ಮಿಲಿಮೀಟರ್ ಲೆಕ್ಕ ಹಾಕಿ. ಆದರೆ ಆ ಅಳತೆ ನೀವು ಸಲ್ಲಿಸಿದ ಮೂಲ ವಿವರಣೆಯಲ್ಲಿ ಇರಲೇಬೇಕು. ಇಲ್ಲದ್ದನ್ನು ಈಗ ತುರುಕಲು ಪೇಟೆಂಟ್ ಕಾಯ್ದೆಯ 59ನೇ ಕಲಂ ಬಿಡುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಅಳತೆ ಇಲ್ಲವೇ? ಅಂತರದ ಕೆಲಸವನ್ನು ಹೇಳಿ: ಸಿಪ್ಪೆ ಸೀಳಬೇಕು, ಒಳಗಿನ ಅಡಿಕೆಗೆ ಬ್ಲೇಡ್ ತಾಗಬಾರದು. ಅದೂ ಮೂಲ ವಿವರಣೆಯಲ್ಲಿದ್ದರೆ ಮಾತ್ರ. ತಿದ್ದಿದ್ದನ್ನು ಗುರುತು ಮಾಡಿದ ಪ್ರತಿ, ಶುದ್ಧ ಪ್ರತಿ ಎರಡನ್ನೂ ಉತ್ತರದ ಜೊತೆಗಿಡಿ. ವರದಿ ಹೊರಟ ದಿನದಿಂದ 6 ತಿಂಗಳ ಗಡುವು.