ವೇಷವಿಲ್ಲ, ಮಾತುಂಟು

ಪತ್ರ: ನಾವೇ ಒಂದು ಪಾತ್ರವಾಗಿ ಆಡುವ ಹಳೇ ರೋಲ್‌ಪ್ಲೇಯಿಂಗ್ ಕಂಪ್ಯೂಟರ್ ಗೇಮ್‌ಗಳಿಗೆ ಈಗಲೂ ವಾರಸುದಾರರು ಬೇಕು ಅನ್ನುವ ನಿಮ್ಮ ಲೇಖನ ಓದಿ, 1997ರ 'ಫಾಲ್‌ಔಟ್' ಗೇಮನ್ನು ಮಗನ ಮುಂದೆ ಹಾಕಿದೆ. ಚಿತ್ರ ಮಸುಕು, ಓದೋದು ಜಾಸ್ತಿ. ಅರ್ಧ ಗಂಟೆಗೆ ಎದ್ದು ಹೋದ. ಇಂಥ ಗೇಮ್‌ಗಳಿಗೆ ಈಗಲೂ ವಾರಸುದಾರರು ಬೇಕಾ? ನಮ್ಮ ವಯಸ್ಸಿನವರ ಹಳೇ ನೆನಪು ಅಷ್ಟೇ ಅಲ್ವಾ?
– ಓದುಗರೊಬ್ಬರು, ಕೊಪ್ಪ, ಚಿಕ್ಕಮಗಳೂರು ಜಿಲ್ಲೆ

ಸಂಪಾದಕರ ಉತ್ತರ: ನೀವು ಕೊಪ್ಪದವರು, ತಾಳಮದ್ದಳೆ ನೋಡಿಯೇ ಇರುತ್ತೀರಿ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು ಕೂತಲ್ಲೇ ವಾದಕ್ಕಿಳಿಯುತ್ತಾರೆ. ವಾಲಿ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಅವನು ಈ ಸಲ ಏನು ಕೇಳುತ್ತಾನೆ ಅಂತ ಜನ ನಿದ್ದೆಗೆಟ್ಟು ಕಾಯುತ್ತಾರೆ. ಹಳೇ ರೋಲ್‌ಪ್ಲೇಯಿಂಗ್ ಗೇಮ್‌ಗಳು ನನ್ನನ್ನು ಹಿಡಿದದ್ದೂ ಹೀಗೇ. ಅಲ್ಲಿ ವಾದ ಮಾಡುವವನು ನಾನೇ ಆಗಿದ್ದೆ.

ನಿಮ್ಮ ಮಗ ಬಿಟ್ಟು ಹೋದ ಗೇಮನ್ನೇ ತಗೊಳ್ಳಿ. ಅಣುಯುದ್ಧದಲ್ಲಿ ಸುಟ್ಟ ಲೋಕ. ನೆಲದಡಿ ಬದುಕುವ ಜನರ ನೀರಿನ ಯಂತ್ರದ ಚಿಪ್ ಕೆಟ್ಟಿದೆ, ಹೊಸದು ತರಲು 150 ದಿನ ಗಡುವು. ಕೊನೆಗೆ ಎದುರಾಗುವವನು 'ಮಾಸ್ಟರ್'. ಎಲ್ಲರನ್ನೂ ಮ್ಯೂಟಂಟ್ (ದೇಹವೇ ಬದಲಾದ ಜೀವಿ) ಮಾಡಿ ಒಂದೇ ಕುಲ ಕಟ್ಟಿದರೆ ಜಗಳವೇ ಇರುವುದಿಲ್ಲ ಅಂತ ಅವನ ನಂಬಿಕೆ. ಗುಂಡು ಹಾರಿಸಿ ಅವನನ್ನು ಮುಗಿಸಬಹುದು. ಆದರೆ ದಾರಿಯಲ್ಲಿ ಕೆದಕಿ ನೋಡಿದ್ದರೆ, ಮ್ಯೂಟಂಟ್‌ಗಳಿಗೆ ಮಕ್ಕಳಾಗುವುದಿಲ್ಲ ಅನ್ನುವ ಪುರಾವೆ ನಿಮ್ಮ ಕೈಲಿರುತ್ತದೆ. ಅದನ್ನು ಮುಂದಿಟ್ಟು ಮಾತಾಡಬಹುದು. ಮೊದಲು ಅವನು ನಂಬುವುದಿಲ್ಲ. ನಂಬಿದ ಮೇಲೆ, ತಾನು ಮಾಡಿದ ಘೋರವೆಲ್ಲ ವ್ಯರ್ಥ ಅಂತ ಕುಸಿದು, ನಿಮ್ಮನ್ನು ಹೊರಟುಹೋಗು ಅಂದು, ತನ್ನ ನೆಲೆಯನ್ನು ತಾನೇ ಸ್ಫೋಟಿಸುತ್ತಾನೆ. ಹಾಸನದ ಬಾಡಿಗೆ ರೂಮಿನಲ್ಲಿ ಒಂದು ಮಳೆಯ ರಾತ್ರಿ ಆ ಮಾತು ಮುಗಿಸಿ ನಾನು ಸುಮ್ನೆ ಕೂತಿದ್ದೆ. ಗೆದ್ದ ಖುಷಿ ಇರಲಿಲ್ಲ. ಅವನ ಬಗ್ಗೆ ಮರುಕ ಇತ್ತು.

ಅದೇ ಗೇಮಿನಲ್ಲಿ ಬುದ್ಧಿ ತೀರಾ ಕಮ್ಮಿ ಇರುವ ಪಾತ್ರ ಕಟ್ಟಿ ನೋಡಿ. ಬಾಯಿಂದ ನೆಟ್ಟಗೆ ಮಾತೇ ಹೊರಡುವುದಿಲ್ಲ. ನೀವು ಎಂಥವರು ಅಂತ ಆ ಲೋಕ ಗುರುತು ಹಿಡಿಯುತ್ತದೆ.

ಹಳೆಯದೆಲ್ಲ ಚೆನ್ನ ಅಂತ ನಾನು ಹೇಳಲಾರೆ. 1999ರ 'ಪ್ಲೇನ್‌ಸ್ಕೇಪ್: ಟಾರ್ಮೆಂಟ್' ನನಗೆ ಪ್ರಾಣ, ಆದರೆ ಅದರ ಹೊಡೆದಾಟ ಬೇಜಾರು ತರಿಸುತ್ತದೆ. ಮೇಲಿನಿಂದ ನೋಡುವ ಚಿತ್ರ, ಪುಟಗಟ್ಟಲೆ ಮಾತು, ಇಷ್ಟನ್ನೇ ನಕಲು ಮಾಡುವವರು ವಾರಸುದಾರರಲ್ಲ. 2019ರ 'ಡಿಸ್ಕೋ ಎಲಿಸಿಯಮ್' ನಿಜವಾದ ವಾರಸುದಾರ. ಅದರಲ್ಲಿ ಪತ್ತೇದಾರನ 24 ಗುಣಗಳು ಅವನ ತಲೆಯೊಳಗೇ ಜಗಳವಾಡುತ್ತವೆ. ನಮ್ಮ ಪ್ರಯತ್ನ ಫಲಿಸುತ್ತದೋ ಇಲ್ಲವೋ ಅಂತ ನಿರ್ಧರಿಸುವ ದಾಳ ಕೈಕೊಟ್ಟರೂ ಕಥೆ ನಿಲ್ಲುವುದಿಲ್ಲ, ಬೇರೆ ಕಡೆ ಹೊರಳುತ್ತದೆ. 2023ರ 'ಬಾಲ್ಡರ್ಸ್ ಗೇಟ್ 3' ಕೂಡ ಆಟಗಾರನ ಮಾತಿಗೆ ಅಷ್ಟೇ ಬೆಲೆ ಕೊಡುತ್ತದೆ. ಇಂಥವು ಇನ್ನೂ ಬೇಕು.

ಮಗನ ಜೊತೆ ಇನ್ನೊಂದು ಸಲ ಕೂತು ನೋಡಿ. ಶುರುವಿನ ಗುಹೆಯ ಇಲಿಗಳನ್ನು ದಾಟಿ, ಮೊದಲ ಊರು ಶೇಡಿ ಸ್ಯಾಂಡ್ಸ್‌ವರೆಗೆ ನೀವೇ ಆಡಿ. ಅಲ್ಲಿ ಮೌಸ್ ಅವನ ಕೈಗೆ ಕೊಡಿ. ಅಲ್ಲಿನವರ ಮಾತನ್ನು ನೀವು ಕನ್ನಡದಲ್ಲಿ ಹೇಳಿ, ಅರ್ಥಧಾರಿಯ ಹಾಗೆ ದನಿ ಏರಿಸಿ ಇಳಿಸಿ. ಉತ್ತರ ಅವನೇ ಆರಿಸಲಿ.